ಮಾರಿ ಮುಚ್ಚಿದ ಮ್ಯಾಲೆ: ರೇಸ್ ಹೆಲ್ಮೆಟ್ಟಿನ ಬಣ್ಣದ ಕಥಿ

ಈ ಸಲ ಹಪ್ಪಳ, ಸಂಡಿಗಿ, ಹಳೇ ಸೀರಿ ಯಾವುದೂ ಅಲ್ರಿ. ಈ ಸಲದ್ದು ಹೆಲ್ಮೆಟ್. ಅದೂ ನಾವು ನೀವು ಸ್ಕೂಟಿ ಮ್ಯಾಲೆ ಪೊಲೀಸರ ಅಂಜಿಕಿಗೆ ಹಾಕ್ಕೊಳ್ಳೋ ಹೆಲ್ಮೆಟ್ ಅಲ್ಲ, ರೇಸಿನವ್ರು ಹಾಕ್ಕೋತಾರಲ್ಲ, ಬಣ್ಣಬಣ್ಣದ್ದು, ಅದು. "ಈಕಿಗೇನಾತು ಈ ವಯಸ್ಸಿನ್ಯಾಗ" ಅಂತ ನಗಬ್ಯಾಡ್ರಿ. ಓದಿದ್ದು ಪಿಯುಸಿ ಆದ್ರೂ ಇತಿಹಾಸ ಅಂದ್ರ ನನಗ ಮೊದಲಿಂದ ಹುಚ್ಚು. ಈ ಬಣ್ಣದ ಹಿಂದಿನ ಇತಿಹಾಸದೊಳಗ ಅಪ್ಪ-ಮಗ, ಗಂಡ-ಹೆಂಡ್ತಿ, ಸಾವು-ನೋವು ಎಲ್ಲಾ ಅದ. ನಮ್ಮ ಅಕ್ಕನ ಮಗ ಹುಬ್ಬಳ್ಳ್ಯಾಗ ಇದ ಕೆಲಸ ಮಾಡ್ತಾನ, ಅಂವನ ಕಡಿಂದನ ನನಗ ಈ ಹುಚ್ಚು ಹತ್ತಿದ್ದು. ಅಂವಂದು ಆಮ್ಯಾಲೆ ಹೇಳ್ತೀನಿ, ಮೊದಲ ಹಳೇ ಕಥಿ ಕೇಳ್ರಿ.

ಫಾರ್ಮುಲಾ ಒನ್ ಅನ್ನೋ ಕಾರ್ ರೇಸಿನ ಚಾಂಪಿಯನ್‌ಶಿಪ್ 1950ರಾಗ ಶುರು ಆತು. ಆವಾಗ ಅದನ್ನ ಓಡಿಸೋರ ತಲಿ ಮ್ಯಾಲೆ ಏನಿತ್ತಂದ್ರ, ಭಾಳ ಮಂದಿಗೆ ಬರೇ ಒಂದು ಬಟ್ಟಿ ಟೊಪಿಗಿ, ಕಣ್ಣಿಗೆ ಗಾಳಿ ತಡ್ಯೋ ಚಷ್ಮಾ. ಅಷ್ಟ! ಗಟ್ಟಿ ಹೆಲ್ಮೆಟ್ ಕಡ್ಡಾಯ ಆಗಿದ್ದು 1952ರಾಗ. ಅದೂ ಈಗಿನಂಗ ಪೂರಾ ಮಾರಿ ಮುಚ್ಚೋದಲ್ಲ, ಬೋಗಾಣಿ ಬೋರಲು ಹಾಕಿಧಂಗ, ಕುದುರಿ ಮ್ಯಾಲೆ ಪೋಲೋ ಆಡೋರು ಹಾಕ್ಕೋತಾರಲ್ಲ ಹಂಥಾದ್ದು. ಬಣ್ಣದ ವಿಚಾರ ಯಾರ ತಲಿಯೊಳಗೂ ಇರ್ಲಿಲ್ಲ, ಯಾಕಂದ್ರ ಅದರ ಗರಜಿರ್ಲಿಲ್ಲ. ಗಾಡಿ ಯಾವ ದೇಶದ್ದು ಅಂತ ಗಾಡಿ ಬಣ್ಣನ ಹೇಳ್ತಿತ್ತು: ಇಟಲಿಗೆ ಕೆಂಪು, ಇಂಗ್ಲಂಡಿಗೆ ಹಸರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬೆಳ್ಳಿ. ಒಳಗ ಯಾರು ಕೂತಾರ ಅಂತ ಮಾರಿ ನೋಡಿದ್ರ ತಿಳೀತಿತ್ತು. ಮೂಗು, ಹಲ್ಲು, ಬೆವರು ಎಲ್ಲಾ ಕಾಣ್ತಿತ್ತು.

ಹಂಗಂತ ಹೆಲ್ಮೆಟ್ಟಿನ ಮ್ಯಾಲೆ ಮನಸ್ಸು ಇರ್ಲಿಲ್ಲ ಅಂತಲ್ಲ. ಇಟಲಿಯ ಅಲ್ಬೆರ್ಟೊ ಅಸ್ಕಾರಿ ಅಂತ ಒಬ್ಬಾಂವ ಇದ್ದ, 1952 ಮತ್ತ 1953ರ ಚಾಂಪಿಯನ್. ಶಕುನ, ಅಪಶಕುನ ನಮ್ಮ ಅತ್ತಿಯವ್ರಕಿಂತ ಹೆಚ್ಚು ನೋಡ್ತಿದ್ದ. ಅಂವಂದು ತಿಳಿನೀಲಿ ಹೆಲ್ಮೆಟ್. ಅದು ಬಿಟ್ಟು ಬ್ಯಾರೆ ಹಾಕ್ಕೋತಿರ್ಲಿಲ್ಲ. ಅವರಪ್ಪನೂ ರೇಸಿನವನ, 1925ರಾಗ ರೇಸಿನ್ಯಾಗನ ತೀರ್ಕೊಂಡಿದ್ದ, ಆವಾಗ ಈ ಹುಡುಗಗ 7 ವರ್ಷ. 1955ರ ಮೇ ತಿಂಗಳು 22ಕ್ಕ ಮೊನಾಕೊದಾಗ ಅಸ್ಕಾರಿ ಗಾಡಿ ಸೀದಾ ಸಮುದ್ರಕ್ಕ ಬಿತ್ತು, ಈಜಿ ಹೊರಗ ಬಂದ. ನಾಕ ದಿವಸಕ್ಕ, ಮೇ 26ಕ್ಕ, ಮೊಂಝಾದಾಗ ಗೆಳ್ಯಾ ಕಾಸ್ತೆಲ್ಲೊತ್ತಿ ಒಂದು ಫೆರಾರಿ ಓಡಿಸಿ ನೋಡ್ಲಿಕತ್ತಿದ್ದ. "ನಾನೂ ಒಂದ್ ನಾಕ ಸುತ್ತು ಹೊಡೀತೀನಿ" ಅಂತ ಹತ್ತಿದ. ತಂದ ನೀಲಿ ಹೆಲ್ಮೆಟ್ ಜೋಡಿಗಿರ್ಲಿಲ್ಲ, ಗೆಳ್ಯಾನ ಹೆಲ್ಮೆಟ್ ಹಾಕ್ಕೊಂಡ. ಅದ ಕಡೀದು. ಸಾಯುವಾಗ ಅಪ್ಪಗೂ 36, ಮಗಗೂ 36. ನಾ ಶಕುನ ನಂಬು ಅನ್ನೂದಿಲ್ಲ. ಆದ್ರ ಈ ಕಥಿ ಕೇಳಿದ ದಿವಸ ರಾತ್ರಿ ನಂಗ ನಿದ್ದಿ ಹತ್ತಲಿಲ್ಲ.

ಹೆಲ್ಮೆಟ್ಟಿನ ಮ್ಯಾಲೆ ತಂದ ಅಂತ ಒಂದು ಗುರುತು ಬರೆಸಿಕೊಂಡವ್ರೊಳಗ ದೊಡ್ಡ ಹೆಸರು ಗ್ರಹಾಂ ಹಿಲ್ ಅನ್ನೋ ಇಂಗ್ಲಿಷಾಂವಂದು. ರೇಸಿಗೆ ಬರೋಕಿಂತ ಮೊದಲು ಅಂವ ದೋಣಿ ಹುಟ್ಟು ಹಾಕ್ತಿದ್ದ, ಲಂಡನ್ ರೋಯಿಂಗ್ ಕ್ಲಬ್ ಅಂತ. ಆ ಕ್ಲಬ್ಬಿನ ಬಣ್ಣನ ಹೆಲ್ಮೆಟ್ಟಿಗೆ ತಂದ: ಕಡುನೀಲಿ ಮ್ಯಾಲೆ ಸುತ್ತಲೂ ಬಿಳೇ ಹುಟ್ಟಿನ ಹಲಿಗಿ ನಿಲ್ಲಿಸಿಧಂಗ ಪಟ್ಟಿ. ನೋಡ್ಲಿಕ್ಕೆ ಭಾಳ ಸಾದಾ. ಏರ್‌ಬ್ರಶ್ಶೂ ಇಲ್ಲ, ನೆರಳು-ಬೆಳಕೂ ಇಲ್ಲ. ಇನ್ನ ಸ್ಕಾಟ್ಲಂಡಿನ ಜಾಕಿ ಸ್ಟೀವರ್ಟ್ ಬಿಳೇ ಹೆಲ್ಮೆಟ್ಟಿಗೆ ತಮ್ಮ ಮನೆತನದ ಚೌಕಳಿ ಪಟ್ಟಿ ಸುತ್ತಿಸಿಕೊಂಡ. ಅಲ್ಲೆ ಒಂದೊಂದು ಮನೆತನಕ್ಕ ಒಂದೊಂದು ಚೌಕಳಿ ಬಟ್ಟಿ ಇರ್ತದಂತ, ಟಾರ್ಟನ್ ಅಂತಾರ. ನಮ್ಮ ಇಳಕಲ್ ಸೀರಿ ದಡಿ ನೋಡಿ "ಇದು ಗೋಮಿ, ಇದು ಚಿಕ್ಕಿ" ಅಂತ ನಾವು ಹೇಳ್ತೀವಲ್ಲ, ಹಂಗ ಅವ್ರು ಚೌಕಳಿ ನೋಡಿ ಮನೆತನ ಹೇಳ್ತಾರ. ಅವನ ಹೆಂಡ್ತಿ ಹೆಲೆನ್ ರೇಸ್ ನಡದಾಗ ಕಟ್ಟಿ ಮ್ಯಾಲೆ ಕೂತು ಕೈಯಾಗ ಗಡಿಯಾರ ಹಿಡ್ಕೊಂಡು ಗಂಡನ ಒಂದೊಂದು ಸುತ್ತಿನ ಟೈಮ್ ಬರಕೋತಿದ್ಲು. ಗಾಡಿಗೋಳು ಝಂಯ್ ಅಂತ ಹೋಗೋ ಹೊತ್ತಿನ್ಯಾಗ ಅಕಿಗೆ ಆ ಚೌಕಳಿ ಕಂಡ್ರ ಸಾಕು: ಇದ್ದಾನ, ಈ ಸುತ್ತೂ ಬಂದ. ಆ ಕಾಲದಾಗ ವರ್ಷಾ ಒಬ್ಬಿಬ್ಬರು ಸಾಯ್ತಿದ್ರು ರೇಸಿನ್ಯಾಗ. ಅಕಿ ಎದಿ ಹೆಂಗಿದ್ದೀತು ಯೋಚನಿ ಮಾಡ್ರಿ.

ಈಗ ನೋಡ್ರಿ 1968. ನನ್ನ ಕೇಳಿದ್ರ ಈ ಕಥಿಯ ನಡಕಟ್ಟು ಇದ ವರ್ಷ. ಒಂದ ವರ್ಷದಾಗ ಎರಡು ಕೆಲಸ ಆದ್ವು. ಒಂದು, ಗಾಡಿ ಮ್ಯಾಲೆ ಜಾಹೀರಾತು ಹಾಕಬಹುದು ಅಂತಾತು. ಲೋಟಸ್ ಅನ್ನೋ ಇಂಗ್ಲಿಷ್ ತಂಡ ತಮ್ಮ ಹಸರು ಬಣ್ಣ ತಗದು ಗೋಲ್ಡ್ ಲೀಫ್ ಸಿಗರೇಟ್ ಪಾಕೀಟಿನ ಕೆಂಪು, ಬಂಗಾರ, ಬಿಳಿ ಬಳದುಬಿಡ್ತು. ದೇಶದ ಬಣ್ಣ ಹೋತು, ದುಡ್ಡು ಕೊಟ್ಟವರ ಬಣ್ಣ ಬಂತು. ಎರಡನೇದ್ದು, ಅಮೆರಿಕದ ಡ್ಯಾನ್ ಗರ್ನಿ ಅಂತಾಂವ ಬೆಲ್ ಕಂಪನಿಯವರ ಪೂರಾ ಮಾರಿ ಮುಚ್ಚೋ ಹೆಲ್ಮೆಟ್ ಹಾಕ್ಕೊಂಡು ರೇಸಿಗೆ ಇಳದ. ಗದ್ದನೂ ಮುಚ್ಚಿತ್ತು, ಬಾಯೀನೂ ಮುಚ್ಚಿತ್ತು, ಕಣ್ಣ ಮುಂದ ಒಂದು ಕಿಂಡಿ ಅಷ್ಟ. ಮೊದಲ ವಿಚಿತ್ರ ಅನಿಸಿದ್ರೂ ಕೆಲವು ವರ್ಷದಾಗ ಎಲ್ಲಾರೂ ಅದನ್ನ ಹಾಕ್ಕೊಂಡ್ರು, ಯಾಕಂದ್ರ ಕಲ್ಲು, ಬೆಂಕಿ ಎರಡರಿಂದನೂ ಮಾರಿ ಉಳೀತಿತ್ತು.

ಅಂದ್ರ ಏನಾತು? ಗಾಡಿಗೆ ಇದ್ದ ಊರಿನ ಗುರುತು ಹೋತು, ಮನಷ್ಯಾಗ ಇದ್ದ ಮಾರಿ ಗುರುತೂ ಹೋತು. ಉಳದದ್ದು ಆ ಒಂದು ಹೆಲ್ಮೆಟ್ಟಿನ ಮ್ಯಾಲಿನ ಜಾಗ. ಪುಸ್ತಕ ಬರದವ್ರು ಯಾರೂ ನನಗಿದನ್ನ ಹೇಳಿಕೊಟ್ಟಿಲ್ಲ, ಎರಡೂ ಇಸವಿ ಒಂದರ ಮಗ್ಗಲಾಗ ಒಂದು ಇಟ್ಟು ನೋಡಿದಾಗ ನನಗ ಹೊಳದದ್ದು. ಆ 1968ರ ಚಾಂಪಿಯನ್ ಯಾರ್ ಅಂದೀರಿ? ಅದ ಗ್ರಹಾಂ ಹಿಲ್, ಅದ ಲೋಟಸ್ ಗಾಡಿಯೊಳಗ. ಮೈಮ್ಯಾಲೆ ಸಿಗರೇಟ್ ಪಾಕೀಟು, ತಲಿ ಮ್ಯಾಲೆ ಮಾತ್ರ ತಂದ ದೋಣಿ ಕ್ಲಬ್ಬು.

ಅಂವ 1975ರ ನವೆಂಬರದಾಗ ವಿಮಾನ ಅಪಘಾತದಾಗ ತೀರ್ಕೊಂಡ, ರೇಸ್ ಬಿಟ್ಟ ಮ್ಯಾಲೆ. ಮಗ ಡೇಮನ್‌ಗ ಆವಾಗ 15 ವರ್ಷ. ಆ ಹುಡುಗ ದೊಡ್ಡಾಂವ ಆಗಿ ತಾನೂ ರೇಸಿಗೆ ಬಂದಾಗ ಬ್ಯಾರೆ ಏನೂ ಬರೆಸಲಿಲ್ಲ; ಅದ ಕಡುನೀಲಿ, ಅವ ಬಿಳೇ ಹುಟ್ಟು. 1996ರಾಗ ಚಾಂಪಿಯನ್ ಆದ, ಚಾಂಪಿಯನ್ನನ ಮಗ ಚಾಂಪಿಯನ್ ಆಗಿದ್ದು ಅದ ಮೊದಲು. ಡೇಮನ್‌ನ ಅವ್ವಗ ಆ ಹೆಲ್ಮೆಟ್ ಮತ್ತ ಟ್ರ್ಯಾಕಿನ್ಯಾಗ ಕಂಡಾಗ ಏನ್ ಅನಿಸಿದ್ದೀತು ಅಂತ ನಾ ಭಾಳ ಸಲ ಯೋಚನಿ ಮಾಡೀನಿ.

ಕೆನಡಾದ ಜಿಲ್ ವಿಲ್‌ನವ್ ಅಂತ ಇದ್ದ, ಕರೇ ಹೆಲ್ಮೆಟ್ಟಿನ ಎರಡೂ ಮಗ್ಗಲಿಗೆ ಕೆಂಪಂದು ಒಂದು ದೊಡ್ಡ 'ವಿ' ಅಕ್ಷರ. ಅದನ್ನ ಯಾವ ಚಿತ್ರಗಾರನೂ ಮಾಡಿಕೊಟ್ಟದ್ದಲ್ಲ, ಅಂವ ಮತ್ತ ಅವನ ಹೆಂಡ್ತಿ ಜೊಆನ್ ಕೂಡಿ ಕೂತು ಮಾಡಿದ್ದು. 1982ರಾಗ ಅಂವನೂ ಹೋದ. ಬ್ರಾಝಿಲಿನ ಐರ್ಟನ್ ಸೆನ್ನಾನ ಹಳದಿ ಹೆಲ್ಮೆಟ್ಟಂತೂ ರೇಸ್ ನೋಡದವ್ರೂ ಎಲ್ಲೋ ಫೋಟೋದಾಗ ನೋಡೇ ಇರ್ತೀರಿ: ಹಳದಿ ಮ್ಯಾಲೆ ಹಸರು, ನೀಲಿ ಪಟ್ಟಿ, ಅವರ ದೇಶದ ಧ್ವಜದ ಬಣ್ಣ. ಅದನ್ನ ಮಾಡಿಕೊಟ್ಟಾಂವ ಸಾವ್ ಪಾವ್ಲೊ ಊರಿನ ಸಿಡ್ ಮೊಸ್ಕಾ ಅನ್ನೋ ಬಣ್ಣಗಾರ. ಅಂವ ಫಿಟ್ಟಿಪಾಲ್ಡಿ ಮತ್ತ ಪಿಕೆ ಅನ್ನೋ ಚಾಂಪಿಯನ್ನರ ಹೆಲ್ಮೆಟ್ಟೂ ಬರದಾನ. ಸೆನ್ನಾ ಆವಾಗ ಇನ್ನೂ ಸಣ್ಣ ಗೋ-ಕಾರ್ಟ್ ಓಡಸೋ ಹುಡುಗ. ಅಂವ 1994ರ ಮೇ 1ಕ್ಕ ಇಮೋಲಾದಾಗ ತೀರ್ಕೊಂಡ. ಇವತ್ತಿಗೂ ಬ್ರಾಝಿಲಿನ್ಯಾಗ ಆ ಹಳದಿ ಕಂಡ್ರ ಜನ ಅವನ ಹೆಸರ ತಗೀತಾರ. ಲೂಯಿಸ್ ಹ್ಯಾಮಿಲ್ಟನ್ ಸಣ್ಣಾಂವ ಇದ್ದಾಗ ಹಳದಿ ಹೆಲ್ಮೆಟ್ ಹಾಕ್ಕೋತಿದ್ದ, ಯಾಕಂದ್ರ ಅಷ್ಟು ಹುಡುಗ್ರೊಳಗ ತನ್ನ ಮಗ ಯಾಂವ ಅಂತ ಅವರಪ್ಪಗ ದೂರದಿಂದ ಕಾಣಬೇಕಾಗಿತ್ತು. ನಾವು ಜಾತ್ರಿಗೆ ಹೋಗುವಾಗ ಹುಡುಗ್ರಿಗೆ ಎದ್ದು ಕಾಣೋ ಅಂಗಿ ಹಾಕೂದಿಲ್ಲೇನ್ರಿ?

ಇಷ್ಟೂ ಬಣ್ಣದ ಮಾತಾತು, ಇನ್ನ ಏರ್‌ಬ್ರಶ್ಶಿಂದು. ಅದು ರೇಸಿಗಿಂತ ಹಳೇದು ಅಂತ ಕೇಳಿ ನನಗೂ ಆಶ್ಚರ್ಯ ಆತು. ಹಿಂದ ಸೊಳ್ಳಿಗೆ ಹೊಡಿಲಿಕ್ಕೆ ಫ್ಲಿಟ್ ಪಂಪ್ ಇರ್ತಿತ್ತು ನೆನಪದ ಏನ್ರಿ? ಒಂದು ಕೊಳವಿ, ಹಿಂದ ಹಿಡಿಕಿ, ಕೆಳಗ ಡಬ್ಬಿ. ಗಾಳಿ ಜೋರಾಗಿ ಹೋಗುವಾಗ ಡಬ್ಬಿಯೊಳಗಿನ ಎಣ್ಣಿನ ತಾನ ಮ್ಯಾಲಕ್ಕ ಜಗ್ಗಿಕೊಂಡು ಮಂಜಿನಂಗ ಬಿಡ್ತದ. ಏರ್‌ಬ್ರಶ್ ಅಂದ್ರ ಅದ, ಆದ್ರ ಪೆನ್ನಿನಷ್ಟ ಸಣ್ಣದು, ಎಣ್ಣಿ ಬದಲಿ ಬಣ್ಣ. ಅಮೆರಿಕದ ಆಯೊವಾ ರಾಜ್ಯದ ಅಬ್ನರ್ ಪೀಲರ್ ಅಂತಾಂವ 1879ರಾಗ ಮೊದಲ ಒಂದು ಒರಟಂದು ಮಾಡಿದ. ಅದರ ಹಕ್ಕು ಲಿಬರ್ಟಿ ವಾಕಪ್ ಅನ್ನಾಂವ ಕೊಂಡು, ಸುಧಾರಿಸಿ, 'ಏರ್‌ಬ್ರಶ್' ಅನ್ನೋ ಹೆಸರಿನಿಂದ ಮಾರಿದ. ಅವನ ಹೆಂಡ್ತಿ ಫೀಬಿ ಸ್ವತಃ ಚಿತ್ರ ಬರೀತಿದ್ಲು, ಚಿತ್ರಕಲಾ ಶಾಲಿ ತಗದು ಇದನ್ನ ಹಿಡ್ಯೋದು ಹೆಂಗ ಅಂತ ಮಂದಿಗೆ ಕಲಿಸಿದ್ಲು. ಉಪಕರಣ ಮಾಡಿದಾಂವ ಒಬ್ಬ, ಮಾರಿದಾಂವ ಒಬ್ಬ, ಕೈಗೆ ಹದ ಬರಿಸಿದಾಕಿ ಹೆಂಗಸು. ಇಂಥಾ ಕಡೆ ಅಕಿ ಹೆಸರು ಒಂದು ಸಾಲಿನ್ಯಾಗ ಮುಗಸ್ತಾರ, ಅದಕ್ಕ ನಾ ಎರಡು ಸಾಲು ಬರದೆ.

ಆಮ್ಯಾಲೆ ಚಾರ್ಲ್ಸ್ ಬರ್ಡಿಕ್ ಅಂತಾಂವ ಪೆನ್ನಿನಂಗ ಹಿಡ್ಯೋ ಏರ್‌ಬ್ರಶ್ ಮಾಡಿದ. ಅದನ್ನ ಥೇಯರ್ ಅಂಡ್ ಚಾಂಡ್ಲರ್ ಅನ್ನೋ ಕಂಪನಿ 1893ರ ಶಿಕಾಗೊ ಮೇಳದಾಗ ಮಂದಿಗೆ ತೋರಿಸಿತು. 1893, ಶಿಕಾಗೊ! ಹೌದ್ರಿ, ಅದ ಮೇಳ. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಅದ ಮೇಳದ ಅಂಗವಾಗಿ ನಡದದ್ದು. ಒಂದ ಊರು, ಒಂದ ವರ್ಷ. ಇದನ್ನ ಓದಿ ನಾ ಒಬ್ಬಾಕಿನ ಅಡಿಗಿ ಮನಿಯೊಳಗ ನಕ್ಕೆ.

ಆ ಕಾಲದಾಗ ಏರ್‌ಬ್ರಶ್ಶಿನ ದೊಡ್ಡ ಕೆಲಸ ಫೋಟೋ ತಿದ್ದೋದು. ದೊಡ್ಡದು ಮಾಡಿದ ಫೋಟೋದಾಗ ಗಲ್ಲ ನುಣ್ಣಗ ಮಾಡೋದು, ಹಿಂದಿನ ಗ್ವಾಡಿ ಅಳಸೋದು. ಗಾಡಿ ಕಡೆ ಅದು ತಿರಗಿದ್ದು ಕ್ಯಾಲಿಫೋರ್ನಿಯಾದಾಗ, ಎರಡನೇ ಮಹಾಯುದ್ಧ ಮುಗದ ಮ್ಯಾಲೆ. ಹುಡುಗ್ರು ಹಳೇ ಕಾರ್ ತಗೊಂಡು ಕೊಯ್ದು, ಬೆಸುಗಿ ಹಾಕಿ, ಬಣ್ಣ ಬಳದು ತಮ್ಮದು ಅಂತ ಮಾಡ್ಕೋತಿದ್ರು. ವಾನ್ ಡಚ್ ಅಂತ ಒಬ್ಬಾಂವ ಕೂದಲೆಳಿಯಷ್ಟು ಸಣ್ಣ ಗೆರಿ ಎಳಿಯೋದರಾಗ ಹೆಸರಾದ. ಎಡ್ ರಾತ್ ಅಂತ ಇನ್ನೊಬ್ಬಾಂವ ಕಾರಿನ ಮೇಳಗೋಳೊಳಗ ನಿಂತು ಅಂಗಿ ಮ್ಯಾಲೆ ಏರ್‌ಬ್ರಶ್ಶಿನಿಂದ ಹಲ್ಲು ಕಿಸದ ರಾಕ್ಷಸರನ್ನ ಬರದು ಮಾರಿದ. ಅಲ್ಲಿಂದ ಮೋಟರ್‌ಸೈಕಲ್ಲಿನ ಟ್ಯಾಂಕು, ಟ್ಯಾಂಕಿನಿಂದ ಹೆಲ್ಮೆಟ್ಟು. 1980ರ ದಶಕದಾಗ ಅದ ಕ್ಯಾಲಿಫೋರ್ನಿಯಾದ ಟ್ರಾಯ್ ಲೀ ಬೈಕ್ ರೇಸಿನವರ ಹೆಲ್ಮೆಟ್ ಬರಿಯೋದನ್ನ ದೊಡ್ಡ ದಂಧೆನ ಮಾಡಿದ. ಹುಟ್ಟಿನ ಪಟ್ಟಿ, ಚೌಕಳಿ ಹೋಗಿ ಬೆಂಕಿ ಜ್ವಾಲಿ, ಹದ್ದು, ಹೊಗಿ, ಮಿಂಚು ಬಂದ್ವು.

ಇನ್ನ ನಮ್ಮ ಹುಡುಗಂದು. ಅಂವ ಮೊದಲ ಒಂದು ಗ್ಯಾರೇಜಿನ್ಯಾಗ ಕಾರಿಗೆ ಬಣ್ಣ ಹೊಡೀತಿದ್ದ. ಮೂಗಿಗೆ ಕರ್ಚೀಫ್ ಕಟ್ಕೊಂಡು! ಸಂಜಿಕ ಮನಿಗೆ ಬಂದು ಕೆಮ್ಮಿದ್ರ ಕರ್ಚೀಫಿನ್ಯಾಗ ಆ ದಿವಸದ ಕಾರಿನ ಬಣ್ಣ. ನಮ್ಮಕ್ಕ ಅದನ್ನ ತೊಳದು ತೊಳದು ಒಂದಿನ ನನ್ನ ಮುಂದ ತಂದಿಟ್ಟು ಅತ್ಲು. ಕಡೀ ಕೋಟಿನ ಹೊಳಪಿಗೆ ಹಾರ್ಡ್ನರ್ ಕೂಡಸ್ತಾರ, ಅದರಾಗ ಐಸೊಸೈನೇಟ್ ಅಂತ ರಸಾಯನ ಇರ್ತದ. ಅದು ಎದಿಯೊಳಗ ಹೋದ್ರ ದಮ್ಮು ಹತ್ತತದ, ಒಮ್ಮೆ ಹತ್ತಿದ್ರ ಆಮ್ಯಾಲೆ ಅದರ ಹನಿ ವಾಸನಿನೂ ತಡೀಲಿಕ್ಕಾಗೂದಿಲ್ಲ. ಅರಿವಿ ಕಟ್ಕೊಂಡ್ರ ಏನೂ ಉಪಯೋಗಿಲ್ಲ. ಹೆಲ್ಮೆಟ್ ಕೆಲಸಕ್ಕ ತಾನ ಸ್ವಂತ ರೂಮ್ ಮಾಡ್ತೀನಿ ಅಂದಾಗ ಅಕ್ಕ ಹಾಕಿದ ಕರಾರು ಒಂದ: ಮೊದಲ ಮಾಸ್ಕು, ಹೊಗಿ ಎಳಿಯೋ ಫ್ಯಾನು, ಆಮ್ಯಾಲೆ ಕಂಪ್ರೆಸರ್. ತನ್ನ ಎರಡು ಬಿಲ್ವಾರ ಮಾರಿ ದುಡ್ಡು ಕೊಟ್ಲು. ಎರಡೂ ಮಗ್ಗಲಿಗೆ ಡಬ್ಬಿ ಇರೋ ಮಾಸ್ಕ್ ಹಾಕ್ಕೊಂಡು ಅಂವ ನಿಂತ್ರ ನೊಣದ ಮಾರಿ ಕಂಡಂಗ ಕಾಣ್ತದ.

ಕೆಲಸ ಹೆಂಗ ನಡೀತದ ಹೇಳ್ತೀನಿ ಕೇಳ್ರಿ, ನಾ ಎರಡು ದಿವಸ ಕೂತು ನೋಡೀನಿ. ಮೊದಲ ಮುಂದಿನ ಗಾಜು, ಗಾಳಿ ಕಿಂಡಿ, ಕೆಳಗಿನ ರಬ್ಬರ್, ಎಲ್ಲಾ ಬಿಚ್ಚತಾನ. ಒಳಗ ಬಣ್ಣ ಹೋಗಧಂಗ ಕಾಗದಾ ತುಂಬಿ ಟೇಪ್ ಹಚ್ಚತಾನ, ಯಾಕಂದ್ರ ಒಳಗಿರೋದು ನಾವು ಥರ್ಮೋಕೋಲ್ ಅಂತೀವಲ್ಲ ಹಂಥಾದ್ದ, ಥಿನ್ನರ್ ತಾಕಿದ್ರ ಕರಗಿ ಹೋಗ್ತದ. ಪೆಟ್ಟು ನುಂಗೋದು ಅದ! ಆಮ್ಯಾಲೆ 600, 800 ನಂಬರಿನ ವಾಟರ್ ಪೇಪರ್ ನೀರಾಗ ಅದ್ದಿ ಅದ್ದಿ ಹಳೇ ಹೊಳಪು ಹೋಗೋತನಕ ತಿಕ್ಕತಾನ. ಜಿಡ್ಡು ಒರಸ್ತಾನ. ಇಷ್ಟಾದ ಮ್ಯಾಲೆ ಬರೇ ಕೈಲೆ ಮುಟ್ಟಿದ್ರ ಬೈತಾನ, ಬೆರಳಿನ ಎಣ್ಣಿ ಹತ್ತಿದ ಜಾಗದಾಗ ಬಣ್ಣ ಮೀನಿನ ಕಣ್ಣಿನಂಗ ಬಿಟಗೊಳ್ತದಂತ.

ಬಣ್ಣದ ಹದ ಹಾಲಿನ ಹದ. ಕೆನಿ ಹಾಲಲ್ಲ, ದಿನಾ ಬರೋ ಹಾಲು. ದಪ್ಪ ಆದ್ರ ಕಟ್ಟಿಕೊಂಡು ಉಗಳತದ, ನೀರಾದ್ರ ಜೇಡರ ಹುಳದ ಕಾಲಿನಂಗ ಹರೀತದ. ಬ್ರಶ್ಶಿನ ಬಾಯಿ 0.3 ಮಿಲಿಮೀಟರ್. ಒಂದ ಗುಂಡಿ, ಎರಡು ಕೆಲಸ: ಕೆಳಗ ಒತ್ತಿದ್ರ ಗಾಳಿ, ಹಿಂದಕ್ಕ ಎಳದ್ರ ಬಣ್ಣ. ಹತ್ರ ಹಿಡದ್ರ ಗೆರಿ, ದೂರ ಹಿಡದ್ರ ಮೋಡ. ನಾನೂ ಹಳೇ ಪೇಪರ್ ಮ್ಯಾಲೆ ಹೊಡದು ನೋಡಿದೆ. ರಂಗೋಲಿ ಎಳಿ ಬಿಟ್ಟ ಕೈಗೆ ಇದು ಅಷ್ಟು ಕಠಿಣ ಅನಸೂದಿಲ್ರಿ. ಬೆರಳಿನ ಸಂದಿಯಿಂದ ಎಷ್ಟು ಬಿಡಬೇಕು ಅನ್ನೋ ಲೆಕ್ಕ ಒಂದ. ಬಣ್ಣ ಆದ ಮ್ಯಾಲೆ ಕ್ಲಿಯರ್ ಕೋಟ್, ಮತ್ತ ತಿಕ್ಕೋದು, ಮತ್ತ ಕೋಟ್, ಟೇಪಿನ ಅಂಚು ಬೆರಳಿಗೆ ತಾಕದಂಗ ಆಗೋತನಕ.

ಒಂದು ಮಾತು ಮರೀಬ್ಯಾಡ್ರಿ, ನಿಮ್ಮನಿ ಹುಡುಗ್ರಿಗೂ ಹೇಳ್ರಿ. ರೇಸಿನ ಹೆಲ್ಮೆಟ್ ಫೈಬರ್ ಇಲ್ಲಾ ಕಾರ್ಬನ್ನಿಂದು, ಬಣ್ಣ ತಡೀತದ. ಪ್ಯಾಟಿಯೊಳಗ ಸಿಗೋ ಪ್ಲಾಸ್ಟಿಕ್ ಹೆಲ್ಮೆಟ್ಟಿಗೆ ಥಿನ್ನರಿನ ಬಣ್ಣ ಹೊಡದ್ರ ಮ್ಯಾಲೆ ಛಂದ ಕಾಣ್ತದ, ಒಳಗ ಪ್ಲಾಸ್ಟಿಕ್ ಹಪ್ಪಳಧಂಗ ಆಗಿರ್ತದ. ಬಿದ್ದ ದಿವಸ ಗೊತ್ತಾಗ್ತದ. ನಮ್ಮ ಹುಡುಗ ಹಂಥಾವು ಬಂದ್ರ ವಾಪಸ್ ಕಳಸ್ತಾನ, ದುಪ್ಪಟ್ಟು ಕೊಡ್ತೀನಂದ್ರೂ. ಭಾರದ ಲೆಕ್ಕನೂ ಅದ. ಫಾರ್ಮುಲಾ ಒನ್ ಹೆಲ್ಮೆಟ್ ಒಂದೂಕಾಲು ಕಿಲೋದ ಆಜೂಬಾಜು. ತಿರುವಿನ್ಯಾಗ 5 ಪಟ್ಟು ಒತ್ತಡ ಬಿದ್ದಾಗ ಕುತಗಿಗೆ ಅದು 6 ಕಿಲೋದಂಗ ಅನಸ್ತದ. ಹಂಗಾಗಿ ಅಲ್ಲಿ ಬಣ್ಣಗಾರರು ಬಣ್ಣನೂ ಗ್ರಾಮಿನ ಲೆಕ್ಕದಾಗ ಹೊಡೀತಾರ, ನಾವು ಕೇಸರಿ ತೂಗಿಧಂಗ.

ಇಟಲಿಯ ಅಲ್ಡೊ ದ್ರುದಿ ಅನ್ನೋ ಬಣ್ಣಗಾರ ಬೈಕ್ ರೇಸಿನ ವಲೆಂತಿನೊ ರೊಸ್ಸಿಗೆ ಬರದಾವು ನೋಡಿದ್ರ ನಗು ಬರ್ತದ. 2008ರಾಗ ಮುಜೆಲ್ಲೊ ರೇಸಿಗೆ ಹೆಲ್ಮೆಟ್ಟಿನ ನೆತ್ತಿ ಮ್ಯಾಲೆ ರೊಸ್ಸಿನ ಮಾರಿನ ಬರದ, ಬ್ರೇಕ್ ಹಾಕುವಾಗ ಅಂಜಿ ಕಣ್ಣು, ಬಾಯಿ ತಕ್ಕೊಂಡ ಮಾರಿ. ಮುಚ್ಚಿದ ಮಾರಿ ಮತ್ತ ಮ್ಯಾಲೆ ಬಂತು ನೋಡ್ರಿ! 2009ರಾಗ ರೊಸ್ಸಿ ಒಂದು ರೇಸಿನ್ಯಾಗ ತಾನ ತಪ್ಪು ಮಾಡಿ ಬಿದ್ದ. ಮುಂದಿನ ರೇಸಿಗೆ ಹೆಲ್ಮೆಟ್ಟಿನ ಮ್ಯಾಲೆ ಕತ್ತಿ ಬರೆಸಿಕೊಂಡು ಬಂದ, ಅದನ್ನ ಹಾಕ್ಕೊಂಡ ಗೆದ್ದ. ಕಾರಿನವ್ರೊಳಗ ವೆಟ್ಟೆಲ್ ಅಂತೂ ರೇಸಿಗೊಂದು ಬಣ್ಣ ಬದಲಿ ಮಾಡ್ತಿದ್ದ. ಕಡೀಕ ನೋಡೋರಿಗೆ ಗುರುತು ಹತ್ತವಲ್ದು ಅಂತ 2015ರಾಗ ವರ್ಷಪೂರ್ತಿ ಒಂದ ಡಿಸೈನ್ ಇರಬೇಕು ಅಂತ ಕಾನೂನು ಮಾಡಿದ್ರು, 2020ರಾಗ ಅದನ್ನ ತಗದರು. ಕಾನೂನು ಮಾಡಿದ್ದ ಸರಿ ಅಂತ ನನ್ನ ವಿಚಾರ. ದಿನಾ ಮಾರಿ ಬದಲಿ ಮಾಡಿದ್ರ ಅದು ಮಾರಿ ಹೆಂಗಾತು?

ಹೋದ ವರ್ಷ ಅಂವನ ಕಡೆ ಒಂದು ಹುಡುಗಿ ಬಂದಿದ್ಲು, ಮಣ್ಣಿನ ಟ್ರ್ಯಾಕಿನ್ಯಾಗ ಬೈಕ್ ಓಡಸೋ ಹುಡುಗಿ. ಜ್ವಾಲಿ ಬ್ಯಾಡ, ಹುಲಿ ಬ್ಯಾಡ, ನಮ್ಮಜ್ಜಿ ಹಾಕಿದ ಕಸೂತಿ ಬೇಕು ಅಂತ ಕರೇ ಚಂದ್ರಕಾಳಿ ಸೀರಿ ತಂದು ಮುಂದಿಟ್ಲು. ಗೋಪುರ, ತುಳಸಿಕಟ್ಟಿ, ಸೆರಗಿನ ತುಂಬ. ಅಕಿ ತಾಯಿದೊಂದ ಮಾತು: "ಎಲ್ಲಾ ಹೆಲ್ಮೆಟ್ ಮಣ್ಣಾಗಿ ಒಂದ ಥರ ಕಾಣ್ತಾವ. ಬಿದ್ದಾಗ ಎದ್ದದ್ದು ನನ್ನ ಮಗಳ ಹೌದಲ್ಲೋ ಅಂತ ನನಗ ತಿಳೀಬೇಕು."

ಅಂವಗ ಹದಿನೈದು ದಿವಸ ಹಿಡೀತು. ಕಸೂತಿ ಅಂದ್ರ ಎಳಿ ಎಣಿಸಿ ಹಾಕೋದು, ಸಪಾಟ ಬಟ್ಟಿ, ಸೀದಾ ಎಳಿ. ಹೆಲ್ಮೆಟ್ ದುಂಡಗದ. ಕಾಗದದ ಮ್ಯಾಲೆ ಸರಿ ಇದ್ದ ಗೋಪುರ ನೆತ್ತಿ ಕಡೆ ಹೋದಂಗ ಇಕ್ಕಟ್ಟಾಗಿ ಒಂದಕ್ಕೊಂದು ಹಾಯ್ತಿತ್ತು. ಕಡೀಕ ನಾ ಹೇಳಿದೆ, ಕುಂಬಳಕಾಯಿ ಹೋಳು ಮಾಡಿಧಂಗ ಮ್ಯಾಲಿಂದ ಕೆಳಗ ಭಾಗ ಮಾಡ್ಕೊ, ಒಂದೊಂದು ಹೋಳಿಗೆ ಒಂದೊಂದು ಗೋಪುರ ಕೂಡಸು ಅಂತ. ಹಂಗ ಮಾಡಿದ. ಸಣ್ಣ ಟೇಪ್ ಕೊಯ್ದು ಕೊಯ್ದು ಮನಿ ಹಾಕಿ, ಮ್ಯಾಲೆ ಏರ್‌ಬ್ರಶ್ಶಿನಿಂದ ಕೆಂಪು, ಹಸರು, ಹಳದಿ, ಬಿಳಿ. ದಾರದ ಕೆಳಗ ಬೀಳೋ ನೆರಳನ್ನೂ ಹೊಡದಿದ್ದ. ಮುಟ್ಟಿ ನೋಡಿದ್ರ ನುಣ್ಣಗ ಗಾಜು, ನೋಡಿದ್ರ ದಾರ.

ಒಯ್ಯಲಿಕ್ಕೆ ಬಂದ ದಿವಸ ಅಜ್ಜಿನೂ ಬಂದಿದ್ರು, ಎಂಬತ್ತು ದಾಟಿದವ್ರು. ಚಷ್ಮಾ ಏರಿಸಿಕೊಂಡು ಹೆಲ್ಮೆಟ್ ತೊಡಿ ಮ್ಯಾಲೆ ಇಟಗೊಂಡು, ಬೆರಳ ತುದಿಲೆ ಮನಿ ಎಣಿಸ್ಕೋತ ಹೋದ್ರು. ಮೂರನೇ ಗೋಪುರಕ್ಕ ಬೆರಳು ನಿಂತ್ತು. "ಇಲ್ಲೆ ಒಂದು ಮನಿ ಬಿಟ್ಟೀಯಲ್ಲೋ ತಮ್ಮಾ" ಅಂದ್ರು. ನಮ್ಮ ಹುಡುಗ ಸೀರಿ ತಗದು ತೋರಿಸಿದ. ಸೀರಿಯೊಳಗೂ ಅಲ್ಲೆ ಒಂದು ಮನಿ ಬಿಟ್ಟಿತ್ತು. ಅಜ್ಜಿ ಸೀರಿ ನೋಡಿದ್ರು, ಹೆಲ್ಮೆಟ್ ನೋಡಿದ್ರು, ಆಮ್ಯಾಲೆ ಮೊಮ್ಮಗಳನ್ನ ಕರದು ತಾವ ಅಕಿ ತಲಿಗೆ ಅದನ್ನ ಹಾಕಿ, ಗದ್ದದ ಕೆಳಗಿನ ಪಟ್ಟಿ ಬಿಗದರು.